ಬಸ್ಸಿನಿಂದ ಕಾಣದ ಕುರ್ಚಿ

ಬಷೀರಾ ಹೊಸ್ತಿಲು ದಾಟಿ ಒಳಗೆ ಬಂದವರು ಅಲ್ಲೇ ನಿಂತುಬಿಟ್ಟರು. ಎದುರಿನ ಗೋಡೆಯ ತುಂಬ ಚಂದ್ರಿಕೆಗಳು ತೂಗುತ್ತಿದ್ದವು. ರೇಷ್ಮೆಹುಳು ಹಣ್ಣಾದ ಮೇಲೆ ಗೂಡು ಕಟ್ಟಲಿ ಎಂದು ಬಿಡುವ, ಬಿದಿರಿನ ದಬ್ಬೆಯಲ್ಲಿ ಸುತ್ತುಸುತ್ತಾಗಿ ಹೆಣೆದ ದೊಡ್ಡ ತಟ್ಟಿಗಳು ಅವು. ಹುತ್ತೂರಿನ ತವರುಮನೆಯಿಂದ, ಅಕ್ಕಪಕ್ಕದವರಿಂದ ಕೇಳಿ ಪಡೆದು, ತೊಳೆಸಿ ಒಣಗಿಸಿ, ರಮ್ಯ ತಾನೇ ಏಣಿ ಹತ್ತಿ ಅವುಗಳನ್ನು ತೂಗುಹಾಕಿದ್ದಳು. ಚೆಂದಕ್ಕಿರಲಿ ಎಂದು ಅಲ್ಲೊಂದು ಇಲ್ಲೊಂದು ಹಳದಿ ಗೂಡನ್ನೂ ಬಿಟ್ಟಿದ್ದಳು.

"ಹೇಗಿದೆ ಖಾಲಾ?" ಎಂದಳು ರಮ್ಯ.

ಬಷೀರಾ ಮಗಳ ಕಡೆ ತಿರುಗಿದರು. "ಬುಶ್ರಾ, ಇದ್ಯಾವ ಜಾಗ?"

"ಹೇಳಿದ್ನಲ್ಲ ಅಮ್ಮಿ. ರಮ್ಯ ಕಟ್ಟಿಸ್ತಿರೋ ಆಸ್ಪತ್ರೆ. ಇಲ್ಲೇ ಕೂತ್ಕೊಂಡು ಡ್ರಿಪ್ ಹಾಕಿಸ್ಕೊಳ್ಳೋದು."

"ಹಣ್ಣಾದ ಹುಳ ಇದರ ಮೇಲೆ ಬಿಡ್ತಾರೆ," ಎಂದರು ಬಷೀರಾ, ಗೋಡೆಯನ್ನೇ ನೋಡುತ್ತ. "ಇಲ್ಲಿಂದ ಮಾರ್ಕೆಟ್ಟು. ಮಾರ್ಕೆಟ್ಟಿಂದ ನಮ್ಮನೆ ಬಿಸಿನೀರು. ನಾನೂ ಹಣ್ಣಾಗಿದ್ದೀನಾ ಬೇಟಿ?"

ತಲೆಯ ಮೇಲಿನ ದುಪಟ್ಟಾ ಬಿಗಿ ಮಾಡಿಕೊಂಡು ಹೊರಗೆ ಹೋಗಿ ಆಟೋದಲ್ಲಿ ಕೂತರು. ಮತ್ತೆ ಇಳಿಯಲಿಲ್ಲ. ಬುಶ್ರಾ ಗೆಳತಿಯ ಕೈ ಹಿಸುಕಿ, "ಆಮೇಲೆ ಫೋನ್ ಮಾಡ್ತೀನಿ ಕಣೇ," ಎಂದು ಹಿಂದೆಯೇ ಓಡಿದಳು.

ಕೋಲಾರದಿಂದ ಮುಳಬಾಗಿಲಿಗೆ ಹೋಗುವ ಹೆದ್ದಾರಿಯ ಪಕ್ಕದಲ್ಲಿ ಒಂದು ಟ್ರಸ್ಟು ಕಟ್ಟಿಸುತ್ತಿದ್ದ ಕ್ಯಾನ್ಸರ್ ಆಸ್ಪತ್ರೆ ಅದು. ಮಾಲೂರು, ಶ್ರೀನಿವಾಸಪುರ, ಮುಳಬಾಗಿಲಿನವರೆಲ್ಲ ಒಂದೊಂದು ಕೀಮೋಗೂ ಬೆಂಗಳೂರಿಗೆ ಹೋಗಿ ಬರಬೇಕಿತ್ತು. ಹೋಗಿ ಬಂದು ಸಾಕಾಗಿ ಎಷ್ಟೋ ಜನ ಅರ್ಧಕ್ಕೇ ಬಿಡುತ್ತಿದ್ದರು. ಬಷೀರಾ ಕೂಡ ಬಿಟ್ಟವರೇ. ಎದೆಯ ಗಂಟಿಗೆ ಎರಡು ಸಲ ಔಷಧಿ ಹಾಕಿಸಿಕೊಂಡು, ಮೂರನೆಯ ಸಲ ಹೊರಡುವ ಬೆಳಿಗ್ಗೆ ಬಾಗಿಲಲ್ಲಿ ಕೂತು "ಬರಲ್ಲ" ಅಂದಿದ್ದರು. ತಡ ಮಾಡಿದಷ್ಟೂ ಗಂಟು ಮತ್ತೆ ಬಲಿಯುತ್ತದೆ ಎಂದು ಡಾಕ್ಟರು ಬುಶ್ರಾಗೆ ಹೇಳಿದ್ದರು. ಬುಶ್ರಾ, ರಮ್ಯ ಇಬ್ಬರೂ ಕೋಲಾರದಲ್ಲಿ ಪಿಯುಸಿ ಓದುವಾಗ ಒಂದೇ ಬೆಂಚು. ರಮ್ಯ ಆರ್ಕಿಟೆಕ್ಟ್ ಆದಳು, ಬುಶ್ರಾ ಮುಳಬಾಗಿಲಿನಲ್ಲೇ ಉರ್ದು ಶಾಲೆಯ ಟೀಚರು. ಈ ಕೆಲಸ ರಮ್ಯಳ ಕೈಗೆ ಬಂದ ದಿನವೇ ಬುಶ್ರಾ ಹೇಳಿದ್ದಳು: "ಚೆಂದ ಗಿಂದ ಆಮೇಲೆ. ನಮ್ಮಮ್ಮಿ ಕೂತ್ಕೊಳ್ಳೋ ಅಂಥ ಒಂದು ಜಾಗ ಮಾಡು. ಅಷ್ಟೇ ಸಾಕು."

ಕೀಮೋ ಹಾಲಿನಲ್ಲಿ ಒಂದು ಕುರ್ಚಿ ಹಿಡಿಯುವಷ್ಟು ಅಂಕಣವನ್ನು ಮಾದರಿಯಾಗಿ ಪೂರ್ತಿ ಮಾಡಿ ತೋರಿಸಿದರೆ ಉಳಿದದ್ದನ್ನೂ ಹಾಗೇ ಮಾಡಬಹುದು ಎಂದು ಟ್ರಸ್ಟಿನವರು ಒಪ್ಪಿದ್ದರು. ಆ ಒಪ್ಪಂದ ಇವತ್ತಿಗೆ ಮುಗಿಯಿತು ಎಂಬಂತೆ ಟ್ರಸ್ಟಿನ ಕಾರ್ಯದರ್ಶಿ ಕಾಂತರಾಜ್ ಕಿಟಕಿಯ ಬಳಿಯಿಂದ ಬಂದರು. ಕೋಲಾರದಲ್ಲಿ ಕಲ್ಯಾಣಮಂಟಪ ನಡೆಸುವ ಮನುಷ್ಯ. ಯಾವ ಕಟ್ಟಡಕ್ಕೆ ಹೋದರೂ ಮೊದಲು ಸೀಲಿಂಗು ನೋಡುತ್ತಿದ್ದರು.

"ನೋಡಿದ್ರಾಮ್ಮ? ನಾನು ಹೇಳಿದ್ರೆ ಕಾಂತರಾಜ್‌ಗೆ ಟೇಸ್ಟ್ ಇಲ್ಲ ಅಂತೀರಿ."

"ನಾನು ಅಂದಿಲ್ಲ ಸಾರ್."

"ಮುಖದಲ್ಲಿ ಅಂದಿದ್ದೀರಿ. ಕೋಲಾರದ ಜನ ಕೋಲಾರ ನೋಡೋಕೆ ಆಸ್ಪತ್ರೆಗೆ ಬರ್ತಾರಾ? ಬಿಳಿ ಪ್ಯಾನಲ್ಲು, ಬಿಳಿ ಸೀಲಿಂಗು, ಗೋಡೆಗೊಂದು ಸಮುದ್ರದ ಫೋಟೋ. ಬೆಂಗಳೂರಿನವರು ಬಂದು ಹಾಕಿಕೊಟ್ಟು ಹೋಗ್ತಾರೆ."

"ನಮ್ಮ ಜಿಲ್ಲೇಲಿ ಸಮುದ್ರ ಎಲ್ಲಿದೆ ಸಾರ್?"

"ಅದಕ್ಕೇ ಫೋಟೋ ಕಣಮ್ಮ!"

ಸೋಮವಾರ ಟ್ರಸ್ಟಿನ ಮೀಟಿಂಗಿತ್ತು; ಉಳಿದ ಕಟ್ಟಡ ಮುಗಿಯದಿದ್ದರೂ ಅದೇ ವಾರ ಮಾದರಿ ಅಂಕಣದಲ್ಲಿ ಮೊದಲ ಕೀಮೋ ಶುರು ಮಾಡುವುದೆಂದಿತ್ತು. ಅಷ್ಟರೊಳಗೆ ಬೇರೇನಾದರೂ ತೋರಿಸದಿದ್ದರೆ ಸಮುದ್ರವೇ ಗತಿ ಎಂದು ಕಾಂತರಾಜ್ ಹೇಳಿ ಹೋದರು. ರಮ್ಯ ಚಂದ್ರಿಕೆಗಳ ಮುಂದೆ ಒಬ್ಬಳೇ ನಿಂತಳು. ಹುಳು ಚಂದ್ರಿಕೆಗೆ ಏರಿತೆಂದರೆ ಅವಳ ಮನೆಯಲ್ಲಿ ಎಲ್ಲರ ಮುಖವೂ ಸಡಿಲಾಗುತ್ತಿತ್ತು. ಸೊಪ್ಪು ತರುವ ಓಟ ನಿಲ್ಲುತ್ತಿತ್ತು, ಅಪ್ಪ ಸೊಣ್ಣಪ್ಪ ಗಡ್ಡ ತೆಗೆಸಿಕೊಂಡು ಬರುತ್ತಿದ್ದರು, ಅಮ್ಮ ಪಾಯಸಕ್ಕೆ ಬೆಲ್ಲ ಕುಟ್ಟುತ್ತಿದ್ದಳು. ಆ ನಾಲ್ಕು ದಿನದ ನೆಮ್ಮದಿಯನ್ನು ಗೋಡೆಯ ಮೇಲೆ ತಂದಿಟ್ಟಿದ್ದೇನೆ ಎಂದುಕೊಂಡಿದ್ದಳು. ಗೂಡು ಮಾರ್ಕೆಟ್ಟಿಗೆ ಹೋದ ಮೇಲಿನ ಕತೆ ಸಾಕುವವರ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಅದು ನೂಲು ಬಿಚ್ಚುವವರ ಮನೆಯ ಕತೆ.

ಮಾರನೆಯ ದಿನ ಮಗಳು ಮೇಘನಳನ್ನು ಸ್ಕೂಲ್ ವ್ಯಾನಿಗೆ ಹತ್ತಿಸಿ, ಅದು ವಾಪಸು ಬರುವುದರೊಳಗೆ ತಾನೂ ಬಂದುಬಿಡಬೇಕು ಎಂದು ಲೆಕ್ಕ ಹಾಕಿಕೊಂಡು ರಮ್ಯ ಮುಳಬಾಗಿಲಿನ ಬಸ್ಸು ಹತ್ತಿದಳು.

ಬಷೀರಾ ಸಿಟ್ಟಾಗೇನೂ ಇರಲಿಲ್ಲ. ಬಾಗಿಲ ಪಕ್ಕ ಒಂದು ಗಿಡ್ಡ ಮಣೆಯ ಮೇಲೆ ಕೂತಿದ್ದರು. ಬಾಗಿಲಿಗೆ ಹೂವಿನ ಚಿತ್ತಾರದ ತೆಳ್ಳನೆ ಪರದೆ. ಒಳಗೆ ದೀಪ ಹಾಕಿರಲಿಲ್ಲ.

"ಬಾ ಬೇಟಿ. ಬೇಜಾರು ಮಾಡ್ಕೊಂಡ್ಯಾ? ನಿಮ್ಮಪ್ಪ ಗೂಡು ಮಾರಿ, ಹೋಟ್ಲಲ್ಲಿ ಮಸಾಲೆ ದೋಸೆ ತಿಂದು ಊರಿಗೆ ಹೋಗ್ತಿದ್ರು. ಆಮೇಲಿಂದೆಲ್ಲ ನಮಗೆ ಬಿಟ್ಟು." ನಕ್ಕರು. "ಇಲ್ಲಿ ಹಿತ್ತಲಲ್ಲಿ ನೂಲು ಬಿಚ್ಚೋ ನಮ್ಮ ಚರಕ ಇತ್ತಲ್ಲ. ಹುಳ ಸಮೇತ ಗೂಡು ಕುದಿಯೋ ನೀರಲ್ಲಿ ಕೈ ಹಾಕಿ ಹಾಕಿ ಬೆರಳೆಲ್ಲ ಬೆಂದ ಆಲೂಗಡ್ಡೆ ತರ. ಆ ಹುಳದ ವಾಸನೆ ಬಟ್ಟೇಲಿ, ಅನ್ನದಲ್ಲಿ, ನಮ್ಮ ಯಜಮಾನರ ಮೀಸೇಲಿ! ಅವರು ಹೋದ್ಮೇಲೆ ಚರಕ ತೂಕಕ್ಕೆ ಹಾಕಿಬಿಟ್ಟೆ. ನೀನು ಅದನ್ನ ತಂದು ಗೋಡೆಗೆ ಹಾಕಿದ್ದೀಯಲ್ಲಾ."

"ತಪ್ಪಾಯ್ತು ಖಾಲಾ. ಬೇರೆ ಏನು ಹಾಕ್ಲಿ ಹೇಳಿ."

"ನನ್ನ ಕೇಳಿದ್ರೆ? ನಾನೇನು ಇಂಜಿನಿಯರ್ರಾ? ಏನು ಹಾಕಿದ್ರೂ ನಾನು ಬರಲ್ಲ." ಅಷ್ಟು ಹೇಳಿ ಅವರು ಪರದೆಯ ಕಡೆ ಕತ್ತು ಚಾಚಿದರು. "ಆ ಫರ್ಹಾದ್‌ನ ನೋಡು. ಡಾಕ್ಟ್ರು ಮಾಂಸ ಬಿಡು ಅಂದಿದ್ದಾರೆ, ಹೆಂಡತಿ ಸೊಪ್ಪು ಬೇಯಿಸಿ ಹಾಕ್ತಿದ್ದಾಳೆ. ಇವನು ಬಿರಿಯಾನಿ ಪೊಟ್ಟಣ ತಗೊಂಡು ಗೋಡೌನ್‌ಗೆ ಹೋಗ್ತಿದ್ದಾನೆ." ಮತ್ತೆ ಗಂಟಲೆತ್ತಿ ಕೂಗಿದರು: "ಏಯ್ ಫರ್ಹಾದ್! ಪೊಟ್ಟಣ ಸೋರ್ತಿದೆ!"

ಬೀದಿಯಲ್ಲಿ ಹೋಗುತ್ತಿದ್ದ ದಪ್ಪನೆಯ ಗಂಡಸು ಬೆಚ್ಚಿ ನಿಂತು, ಎದುರುಮನೆಯ ಮಹಡಿಯನ್ನೂ ಪಕ್ಕದ ಅಂಗಡಿಯನ್ನೂ ನೋಡಿ, ಪೊಟ್ಟಣವನ್ನು ಜುಬ್ಬಾದೊಳಗೆ ತೂರಿಸಿಕೊಂಡು ಬಿರಬಿರನೆ ನಡೆದ. ಬಷೀರಾ ದುಪಟ್ಟಾ ಜಾರಿದ್ದನ್ನೂ ಗಮನಿಸದೆ ನಕ್ಕರು. ಬೋಳು ತಲೆಯ ಮೇಲೆ ಎಳೆಗೂದಲು ಈಗಷ್ಟೇ ಮೂಡುತ್ತಿತ್ತು. ಬುಶ್ರಾ ಚಹಾ ಸೋಸುತ್ತಲೇ, "ದಿನಾ ಇದೇ ಕಣೇ. ಇಡೀ ಬೀದಿಗೆ ಇವರೇ ಸಿಸಿ ಕ್ಯಾಮೆರಾ," ಎಂದಳು.

ಅಷ್ಟರಲ್ಲಿ ಪರದೆ ಸರಿಯಿತು. ನೆರೆಯ ಹೆಂಗಸೊಬ್ಬಳು ತಲೆ ಇಣುಕಿಸಿ, ಸತ್ತವರ ಮನೆಗೆ ಬಂದವಳ ದನಿಯಲ್ಲಿ, "ತಬಿಯತ್ ಹೇಗಿದೆ ಆಪಾ?" ಎಂದಳು. ಬಷೀರಾ ಒಂದೇ ಏಟಿಗೆ ಕುಗ್ಗಿಹೋದರು. ದುಪಟ್ಟಾ ಹಣೆಯವರೆಗೆ ಬಂತು, ಬೆನ್ನು ಬಾಗಿತು. "ಹಾಂ, ಇದ್ದೀನಿ," ಎಂಬ ಮಾತು ಯಾರದೋ ಎಂಬಂತೆ ಹೊರಟಿತು. ಆಕೆ ಹೋದ ಮೇಲೂ ಸ್ವಲ್ಪ ಹೊತ್ತು ಹಾಗೇ ಕೂತಿದ್ದರು.

"ಅವಳು ನನ್ನ ನೋಡೋಕೆ ಬಂದಿಲ್ಲ. ನನ್ನ ತಲೆ ನೋಡೋಕೆ ಬಂದಳು," ಎಂದರು ಕೊನೆಗೆ. "ಬೆಂಗಳೂರಲ್ಲೂ ಹಿಂಗೇ. ಎದುರೆದುರು ಕುರ್ಚಿ. ಮದುವೆ ಊಟಕ್ಕೆ ಕೂತಂಗೆ, ಎಲೆ ಮೇಲೆ ಮಾತ್ರ ಏನೂ ಇಲ್ಲ. ಅವರು ನನ್ನ ನೋಡೋದು, ನಾನು ಅವರನ್ನ ನೋಡೋದು. ಮೊದಲನೇ ಸಲ ಎದುರಿಗೆ ಒಬ್ಬಳು ಹುಡುಗಿ ಇದ್ಳು, ಬಳೆ ಗಲಗಲ ಅನ್ನಿಸ್ತಾ. ಎರಡನೇ ಸಲ ಆ ಕುರ್ಚೀಲಿ ಬೇರೆ ಯಾರೋ. ಆ ಹುಡುಗಿ ಎಲ್ಲಿ ಅಂತ ಕೇಳೋಕೆ ನನಗೆ ಧೈರ್ಯ ಬರ್ಲಿಲ್ಲ. ಮತ್ತೆ ಹೋಗಿ ಅಲ್ಲಿ ಕೂತ್ಕೊಳ್ಳಲಾ? ನೀನೇ ಹೇಳು."

ರಮ್ಯ ಲೋಟ ಎತ್ತಿಕೊಂಡಳು. ಚಹಾ ಮುಗಿಸಿ ಬೀದಿಗೆ ಇಳಿದವಳು ನಾಲ್ಕು ಮಾರು ಹೋಗಿ ತಿರುಗಿ ನೋಡಿದಳು. ಬಿಸಿಲಲ್ಲಿ ಪರದೆಯ ಹೂವು ಮಾತ್ರ ಕಾಣುತ್ತಿತ್ತು, ಅದರ ಹಿಂದೆ ಬರೀ ಕತ್ತಲೆ. ಆ ಕತ್ತಲೆಯೊಳಗಿಂದ ಬಷೀರಾರ ದನಿ ಬಂತು: "ಚಪ್ಪಲಿ ಪಟ್ಟಿ ಕಿತ್ತಿದೆ ನೋಡ್ಕೋ, ಬಿದ್ದೀಯಾ!"

ವಾಪಸು ಬರುವ ಬಸ್ಸಿನಲ್ಲಿ ಅವಳು ಕಿಟಕಿಗೆ ಅಂಟಿಕೊಂಡು ಕೂತಳು. ಟೊಮೆಟೊ ತೋಟಗಳು ಹಿಂದೆ ಸರಿಯುತ್ತಿದ್ದವು. ದನ ನುಗ್ಗದಿರಲಿ ಎಂದು ತೋಟದ ಅಂಚಿಗೆ ಸಾಲಾಗಿ ನಿಲ್ಲಿಸಿದ ಕಲ್ಲುಚಪ್ಪಡಿಗಳು, ಆಳೆತ್ತರದವು, ಒಂದಕ್ಕೂ ಇನ್ನೊಂದಕ್ಕೂ ನಾಲ್ಕು ಬೆರಳಿನ ಸಂದು. ಹುಟ್ಟಿದಾಗಿನಿಂದ ನೋಡಿದ ಬೇಲಿ. ಅದರ ಹಿಂದೆ ಯಾರಾದರೂ ಕೂತು ತನ್ನನ್ನು ನೋಡಿರಬಹುದು ಎಂದು ಅವಳಿಗೆ ಮೊದಲ ಸಲ ಹೊಳೆಯಿತು.

ಅಂದು ಸಂಜೆಯೇ ಚಂದ್ರಿಕೆಗಳನ್ನು ಇಳಿಸಿ ಹುತ್ತೂರಿಗೆ ಕಳಿಸಿದಳು. ಸೊಣ್ಣಪ್ಪ ಫೋನು ಮಾಡಿದರು.

"ಯಾಕಮ್ಮ, ಆಸ್ಪತ್ರೆಗೆ ಬೇಡ್ವಾ?"

"ಬೇಡಪ್ಪ. ಬಷೀರಾ ಖಾಲಾ ನೋಡಿ ಎದ್ದುಹೋದ್ರು. ಬಿಸಿನೀರು ನೆನಪಾಯ್ತಂತೆ."

"ಗೂಡಿನ ಹರಾಜು ಮುಗಿದ ಮೇಲೆ ನಾನು ಯಾವತ್ತೂ ತಿರುಗಿ ನೋಡಿಲ್ಲ ಕಣಮ್ಮ," ಎಂದರು. ಆಮೇಲೆ, "ಹೋಗ್ಲಿ ಬಿಡು, ಇಲ್ಲಿ ಹುಳ ಹಣ್ಣಾಗ್ತಾ ಇದೆ, ಒಳ್ಳೇ ಹೊತ್ತಿಗೆ ಬಂತು," ಎಂದು ಇಟ್ಟುಬಿಟ್ಟರು.

ಟೇಕಲ್ಲಿನಲ್ಲಿ ಮುನಿಯಲ್ಲಪ್ಪ ಎಂಬವರು ಕಲ್ಲು ಒಡೆಸುತ್ತಿದ್ದರು. ಆಸ್ಪತ್ರೆಯ ಮೆಟ್ಟಿಲಿಗೆ ಅವರೇ ಕಲ್ಲು ಕೊಟ್ಟಿದ್ದರು. ಬೇಲಿಯ ಚಪ್ಪಡಿ ಬೇಕು ಎಂದಾಗ ಅವರು ಕಿವಿಯ ಮೇಲಿನ ಬೀಡಿ ತೆಗೆದು ಕೈಯಲ್ಲಿ ಹಿಡಿದರು.

"ಬೇಲಿನಾ? ಆಸ್ಪತ್ರೆಗಾ? ಯಾಕ್ ಮೇಡಂ, ರೋಗಿಗಳು ಓಡೋಗ್ತಾರಾ?"

"ಒಬ್ಬರು ಓಡಿಹೋಗಿದ್ದಾರೆ."

"ಸರಿಪೋಯಿಂದಿ! ಸರಿಹೋಯ್ತು ಬಿಡಿ!" ಎಂದು ಮುನಿಯಲ್ಲಪ್ಪ ತೊಡೆ ತಟ್ಟಿಕೊಂಡು ನಕ್ಕರು. "ಪಾಲಿಷ್ ಮಾಡಿದ್ದು ಕೊಡ್ತೀನಿ, ಕನ್ನಡಿ ತರ ಇರುತ್ತೆ. ಅದೇ ತಗೊಳ್ಳಿ."

"ಕನ್ನಡಿ ಬೇಡ. ಯಾರೂ ಮುಖ ನೋಡ್ಕೋಬಾರ್ದು ಅಲ್ಲಿ. ತೋಟಕ್ಕೆ ಹಾಕ್ತೀರಲ್ಲ, ಅಂಥದ್ದೇ. ಉಳಿಯೇಟು ಹಾಗೇ ಇರಲಿ."

"ಶನಿವಾರ ಟ್ರಾಕ್ಟರ್ ಬೇರೆ ಕಡೆ ಹೋಗುತ್ತಲ್ಲಾ..."

"ಶುಕ್ರವಾರ ಕಳಿಸಿ ಹಾಗಾದ್ರೆ. ಸೋಮವಾರ ಮೀಟಿಂಗು. ನೀವು ಇಲ್ಲ ಅಂದ್ರೆ ಸಮುದ್ರ ಬರುತ್ತೆ."

ಸಮುದ್ರ ಎಲ್ಲಿಂದ ಬರುತ್ತದೆ ಎಂದು ಅವರಿಗೆ ತಿಳಿಯಲಿಲ್ಲ. ಟ್ರಾಕ್ಟರು ಮಾತ್ರ ಶುಕ್ರವಾರ ಬಂತು.

ಹೆದ್ದಾರಿಯ ಕಡೆಗೆ ದೊಡ್ಡ ಗಾಜು ಮೊದಲೇ ಇತ್ತು. ಅದರ ಹೊರಗೆ ಒಂದು ಮೊಳ ಬಿಟ್ಟು ಚಪ್ಪಡಿಗಳನ್ನು ಸಾಲಾಗಿ ನಿಲ್ಲಿಸಿದರು. ಗಾಜು ಇರುವುದರಿಂದ ಧೂಳು ಒಳಗೆ ಬರುವುದಿಲ್ಲ, ದಿನಾ ಒರೆಸಬಹುದು ಎಂದು ಅಲ್ಲಿ ಕೀಮೋ ನೋಡಿಕೊಳ್ಳಲಿದ್ದ ಡಾಕ್ಟರ್ ಅಮರನಾಥ್ ಅಡ್ಡಿ ಹೇಳಲಿಲ್ಲ. ರಮ್ಯ ಕೀಮೋ ಕುರ್ಚಿಯಲ್ಲಿ ಒರಗಿ ಕೂತಳು. ಕಲ್ಲಿನ ಸಂದುಗಳಲ್ಲಿ ಲಾರಿ, ಸ್ಕೂಟರು, ಹುಲ್ಲಿನ ಹೊರೆ ಹೊತ್ತ ಹೆಂಗಸು, ಎಲ್ಲ ತುಣುಕುತುಣುಕಾಗಿ ಹಾದುಹೋಗುತ್ತಿದ್ದವು. ಕಣ್ಣು ತಾನೇ ಕೂಡಿಸಿಕೊಳ್ಳುತ್ತಿತ್ತು. ಅವಳಿಗೆ ಎಷ್ಟು ಖುಷಿಯಾಯಿತೆಂದರೆ ಬುಶ್ರಾಗೆ ಫೋನು ಮಾಡಿ, ಕೋಲಾರಕ್ಕೆ ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಈ ಕಡೆ ನೋಡುತ್ತ ಬಾ ಎಂದಳು.

ಬಸ್ಸು ಹಾದುಹೋದ ಮರುಕ್ಷಣ ಫೋನು ಬಂತು.

"ಕಾಣ್ತಿದ್ದೀಯ ಕಣೇ."

"ಏನು ಕಾಣ್ತು?"

"ಎಲ್ಲಾ. ಮೂಗು ಸಮೇತ. ಬಸ್ಸಲ್ಲಿ ಪಕ್ಕದವರು ಯಾರೋ ಅಲ್ಲಿ ಹೆಂಗಸೊಬ್ರು ಮಲಗಿದ್ದಾರೆ ಅಂದ್ರು. ನಮ್ಮಮ್ಮಿ ಆಗಿದ್ರೆ ಇಡೀ ಮುಳಬಾಗಿಲಿಗೆ ಗೊತ್ತಾಗ್ತಿತ್ತು."

ರಮ್ಯ ಕುರ್ಚಿಯಿಂದ ಎದ್ದು ರಸ್ತೆಗೆ ಹೋಗಿ ನಿಂತಳು. ಸಂದು ನಾಲ್ಕು ಬೆರಳೇ. ಪರದೆಗಿಂತ ಕಲ್ಲು ಗಟ್ಟಿ. ಆದರೂ ಖಾಲಿ ಕುರ್ಚಿ ಕಣ್ಣಿಗೆ ಹೊಡೆಯುವಂತೆ ಕಾಣುತ್ತಿತ್ತು. ಕೆಲಸದವರನ್ನು ಕರೆದು ಸಂದು ಕಿರಿದು ಮಾಡಿಸಿದಳು. ಆಗ ಒಳಗಿನಿಂದ ರಸ್ತೆ ಕಾಣದಾಯಿತು. ಒಳಗೆ ಕೂತರೆ ಜೈಲು. ಮತ್ತೆ ಅಗಲ ಮಾಡಿಸಿದಳು. ಕೆಲಸದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಳಬಾಗಿಲಿನ ಮನೆಯಲ್ಲಿ ತೆಳ್ಳನೆಯ ಬಟ್ಟೆ ಮಾಡುವುದನ್ನು ಇಲ್ಲಿ ಟೇಕಲ್ಲಿನ ಕಲ್ಲು ಯಾಕೆ ಮಾಡಲಾರದು? ಅಲ್ಲೇನಿತ್ತು? ಮಣೆ, ಪರದೆ, ಹೊಗೆ ಹಿಡಿದ ಗೋಡೆ, ಹಾಕದ ದೀಪ.

ಅವಳು ತಲೆಯೆತ್ತಿ ನೋಡಿದಳು. ಕುರ್ಚಿಯ ಹಿಂದಿನ ಗೋಡೆಗೆ ಬಣ್ಣದವರು ಹಿಂದಿನ ವಾರವಷ್ಟೇ ಬಿಳಿ ಬಳಿದಿದ್ದರು. ಕಾಂತರಾಜರ ಬಿಳಿ, ಹಾಲಿಗಿಂತ ಬಿಳಿ. ಅದರ ಮುಂದೆ ಕುರ್ಚಿಯೂ ಕೂತವರೂ ಸಿನಿಮಾ ಪರದೆಯ ಮೇಲಿದ್ದ ಹಾಗೆ ಎದ್ದು ಕಾಣುತ್ತಿದ್ದರು. ಮೇಲೆ ಟ್ಯೂಬ್‌ಲೈಟು ಬೇರೆ.

"ಬಿಳಿ ತೆಗೀಬೇಕು ಸಾರ್," ಎಂದು ಅವಳು ಕಾಂತರಾಜ್‌ಗೆ ಫೋನಿನಲ್ಲೇ ಹೇಳಿದಳು. "ಹಿಂದಿನ ಗೋಡೆಗೆ ಗಾಢವಾದ ಕೆಮ್ಮಣ್ಣಿನ ಬಣ್ಣ. ತೊಳೆಯೋಕೆ ಬರೋ ಪೇಂಟೇ. ಟ್ಯೂಬ್‌ಲೈಟೂ ಬೇಡ."

"ಕತ್ತಲಲ್ಲಿ ನರಕ್ಕೆ ಸೂಜಿ ಹಾಕ್ತಾರಾ? ಯಾರನ್ನಮ್ಮ ಕೊಲ್ಲೋಕೆ ಹೊರಟಿದ್ದೀರಿ?"

"ಸೂಜಿ ಹಾಕೋವಾಗ ಕೈ ಮೇಲೆ ಬಗ್ಗಿಸೋ ದೀಪ ಇರುತ್ತೆ. ಡಾಕ್ಟ್ರನ್ನ ಕೇಳಿದೆ. ಆಮೇಲೆ ಆರಿಸೋದು."

ಕಾಂತರಾಜ್ ಖುದ್ದಾಗಿ ಬಂದರು. ಕೆಮ್ಮಣ್ಣಿನ ಗೋಡೆ ನೋಡಿ ಕಣ್ಣು ಮುಚ್ಚಿಕೊಂಡರು. "ನಮ್ಮಜ್ಜಿ ಅಡುಗೆಮನೆ," ಎಂದರು. ಆದರೆ ಅವರು ಕೆಟ್ಟವರೇನೂ ಅಲ್ಲ. ಅವರ ಅಕ್ಕ ಇದೇ ಕಾಯಿಲೆಯಲ್ಲಿ ಹೋಗಿದ್ದರು, ಬೆಂಗಳೂರಿಗೆ ಕರೆದೊಯ್ದವರೂ ಅವರೇ. ಸ್ವಲ್ಪ ಹೊತ್ತು ಆ ಕುರ್ಚಿಯ ಕೈ ಮೇಲೆ ಕೈಯಿಟ್ಟು ನಿಂತರು. "ನೋಡಮ್ಮ. ಎದುರಿನ ಹಾಲು, ರಿಸೆಪ್ಷನ್ನು, ಅದೆಲ್ಲ ನನಗೆ ಬಿಡಿ, ಬಿಳಿನೇ ಇರುತ್ತೆ. ಈ ಕೀಮೋ ಹಾಲು ಮಾತ್ರ ನಿಮ್ಮದು, ಅದೂ ಒಂದು ಷರತ್ತಿನ ಮೇಲೆ. ಮೊನ್ನೆ ಎದ್ದುಹೋದ್ರಲ್ಲ, ಆ ಅಮ್ಮ ಬಂದು ಒಂದು ಡ್ರಿಪ್ ಬಾಟ್ಲು ಇಳಿಯೋವಷ್ಟು ಹೊತ್ತು ಕೂರಲಿ. ಕೂತ್ರೆ ಸೋಮವಾರ ನಾನೇ ನಿಮ್ಮ ಪರವಾಗಿ ಮಾತಾಡ್ತೀನಿ. ಎದ್ರೆ ಇಲ್ಲೂ ಪ್ಯಾನಲ್ಲು."

ಎದುರಿನ ಹಾಲು ಕೈಬಿಟ್ಟುಹೋದದ್ದು ರಮ್ಯಳಿಗೆ ಉರಿಯಿತು. ಅದನ್ನು ಬೇರೆ ದಿನ ನೋಡಿಕೊಳ್ಳುತ್ತೇನೆ ಎಂದು ಹಲ್ಲು ಕಚ್ಚಿ ಒಪ್ಪಿದಳು.

ಭಾನುವಾರ ಬುಶ್ರಾ ತಾಯಿಯನ್ನು ಹೇಗೋ ಒಪ್ಪಿಸಿ ಕರೆತಂದಳು. ಸೂಜಿ ಇಲ್ಲ, ಔಷಧಿ ಇಲ್ಲ, ಸುಮ್ಮನೆ ಕೂತು ಬರುವುದು ಎಂದು ಆಣೆ ಹಾಕಿದ್ದಳಂತೆ. ಬಷೀರಾ ಬಾಗಿಲಲ್ಲಿ ನಿಂತು ಗೋಡೆ ನೋಡಿದರು. ಬರೀ ಗೋಡೆ. ಮೂಸಿ ನೋಡಿದರು. ಬಣ್ಣದ ವಾಸನೆ. ಎದುರಿಗೆ ಇನ್ನೊಂದು ಕುರ್ಚಿ ಇದೆಯೇ ಎಂದು ಅತ್ತಿತ್ತ ನೋಡಿದರು. ಇರಲಿಲ್ಲ.

"ಕೂತ್ಕೊಳ್ಳಿ ಖಾಲಾ."

ಕೂತರು. ಬೆನ್ನು ಒರಗಿಸಲಿಲ್ಲ. ಕೈಚೀಲ ತೊಡೆಯ ಮೇಲೇ ಇತ್ತು, ಈಗಲೋ ಆಗಲೋ ಎದ್ದು ಹೊರಡುವವರ ಹಾಗೆ. ಮೂಲೆಯಲ್ಲಿ ಕಾಂತರಾಜ್ ಗಡಿಯಾರ ನೋಡಿಕೊಂಡರು.

"ಅವರಿಗೆ ನಾನು ಕಾಣ್ತೀನಾ?" ಎಂದರು ಬಷೀರಾ, ರಸ್ತೆಯ ಕಡೆ ಗದ್ದ ತೋರಿಸಿ.

"ಇಲ್ಲ."

"ನೀನು ಹೇಳ್ತೀಯ. ಹೋಗಿ ನೋಡಿದ್ದೀಯಾ?"

"ಮೂರು ಸಲ ಬಸ್ಸಲ್ಲಿ ಓಡಾಡಿದ್ದೀನಿ ಅಮ್ಮಿ," ಎಂದಳು ಬುಶ್ರಾ. "ಬಣ್ಣ ಬದಲಾಯಿಸಿದ್ಮೇಲೂ. ಬರೀ ಕಲ್ಲು ಕಾಣುತ್ತೆ. ಕಂಡಕ್ಟರ್ ನಂಗೆ ತಲೆ ಕೆಟ್ಟಿದೆ ಅಂದ್ಕೊಂಡಿದ್ದಾನೆ."

ಬಷೀರಾ ನಂಬಲಿಲ್ಲ. ಕಲ್ಲಿನ ಸಂದುಗಳನ್ನೇ ನೋಡುತ್ತ ಕೂತರು. ಆಮೇಲೆ ಯಾವುದೋ ಒಂದು ಗಳಿಗೆಯಲ್ಲಿ ಅವರ ಬೆನ್ನು ಕುರ್ಚಿಗೆ ತಾಗಿತು. ಕ್ರೇಟುಗಳನ್ನು ಮೇಲಕ್ಕೆ ಪೇರಿಸಿದ್ದ ಟೆಂಪೋ ಒಂದು ಸಂದಿನಿಂದ ಸಂದಿಗೆ ದಾಟುತ್ತ ಹೋಯಿತು.

"ಹಗ್ಗ ಕಟ್ಟಿರೋ ಚೆಂದ ನೋಡು! ವಡ್ಡಹಳ್ಳಿ ಮಾರ್ಕೆಟ್ ಸೇರೋದ್ರೊಳಗೆ ಅರ್ಧ ಟೊಮೆಟೊ ರಸ್ತೆ ಮೇಲೆ." ಮುಂದಕ್ಕೆ ಬಾಗಿದರು. "ಅಲ್ಲಿ ನೋಡು, ಬಸ್‌ಸ್ಟಾಪಲ್ಲಿ. ಗಂಡ ಹೆಂಡತಿ ಜಗಳ. ಅವನು ಆ ಕಡೆ ಮುಖ, ಇವಳು ಈ ಕಡೆ. ಮಗು ಮಧ್ಯ ನಿಂತು ಐಸ್‌ಕ್ರೀಮ್ ತಿಂತಿದೆ. ಜಾಣ ಮಗು."

ಕಾಂತರಾಜ್ ಬಗ್ಗಿ ನೋಡಿದರು. "ಎಲ್ಲಿ?"

"ನೀವು ಅಲ್ಲಿ ನಿಂತ್ರೆ ಹೆಂಗೆ ಕಾಣುತ್ತೆ ಸಾಹೇಬ್ರೇ? ಈ ಕಡೆ ಬನ್ನಿ. ಕೂತ್ಕೊಳ್ಳಿ."

ಕಾಂತರಾಜ್ ಒಂದು ಸ್ಟೂಲು ಎಳೆದುಕೊಂಡು ಅವರ ಪಕ್ಕ ಕೂತರು. ಇಬ್ಬರೂ ರಸ್ತೆ ನೋಡುತ್ತ ಬಸ್‌ಸ್ಟಾಪಿನ ಜಗಳ ಯಾರ ತಪ್ಪು ಎಂದು ಚರ್ಚೆ ಮಾಡಿದರು. ಬಾಟ್ಲು ಇಳಿಯುವಷ್ಟು ಹೊತ್ತು ಎಂದೋ ದಾಟಿಹೋಯಿತು. ಬುಶ್ರಾ ಬಾಯಿಗೆ ದುಪಟ್ಟಾ ಅಡ್ಡ ಹಿಡಿದುಕೊಂಡು ಹೊರಗೆ ಹೋದಳು.

ಡಾಕ್ಟರ್ ಅಮರನಾಥ್ ಬಂದು ನಿಂತದ್ದನ್ನು ನೋಡಿ ಬಷೀರಾ ದುಪಟ್ಟಾ ಸರಿ ಮಾಡಿಕೊಂಡರು. ಕುಗ್ಗಲಿಲ್ಲ.

"ಎಲ್ಲರದ್ದೂ ಈ ಕಡೆಗೇನಾ ಕುರ್ಚಿ?"

"ಎಲ್ಲರದ್ದೂ ಒಂದೇ ಸಾಲು ಖಾಲಾ. ರಸ್ತೆ ಕಡೆಗೇ," ಎಂದಳು ರಮ್ಯ. "ಒಬ್ಬರ ಎದುರಿಗೆ ಒಬ್ಬರಿಲ್ಲ."

"ಪಕ್ಕದಲ್ಲಿ?"

"ಪಕ್ಕದಲ್ಲಿ ಇರ್ತಾರೆ."

ಬಷೀರಾ ಯೋಚಿಸಿದರು. "ಪಕ್ಕದವಳು ಒಂದು ದಿನ ಬರದೇ ಹೋದ್ರೆ ನಾನು ಕೇಳ್ತೀನಿ. ನೀವು ನಿಜ ಹೇಳ್ಬೇಕು," ಎಂದರು ಡಾಕ್ಟರ ಕಡೆ ನೋಡಿ. "ಮುಚ್ಚಿಟ್ರೆ ಅವತ್ತೇ ಎದ್ದು ಹೋಗ್ತೀನಿ."

"ಹೇಳ್ತೀನಿ ಅಮ್ಮ."

"ಶುಕ್ರವಾರ ಆಗಲ್ಲ. ಗುರುವಾರ ಹಾಕಿ." ಎದ್ದು ನಿಂತು ಕೈಚೀಲ ಹೆಗಲಿಗೆ ಹಾಕಿಕೊಂಡರು. "ಗುರುವಾರ ಮುಳಬಾಗಿಲ ಬಸ್ಸಲ್ಲಿ ನಮ್ಮ ಬೀದಿಯವರೆಲ್ಲ ಹೋಗ್ತಾರೆ. ಯಾರ್ಯಾರು ಎಲ್ಲೆಲ್ಲಿಗೆ ಅಂತ ನೋಡ್ಬೇಕು ನನಗೆ."

ಆಟೋ ಹೆದ್ದಾರಿ ಸೇರುವವರೆಗೆ ರಮ್ಯ ಮೆಟ್ಟಿಲ ಮೇಲೆ ನಿಂತಿದ್ದಳು. ಮೀಟಿಂಗು ನಾಳೆ. ಕಾಂತರಾಜ್ ಇನ್ನೂ ಒಳಗೇ ಸ್ಟೂಲಿನ ಮೇಲೆ ಕೂತು ರಸ್ತೆ ನೋಡುತ್ತಿದ್ದರು. ಅವಳು ಟೇಕಲ್ಲಿಗೆ ಫೋನು ಮಾಡಿದಳು.

"ಮುನಿಯಲ್ಲಪ್ಪನೋರೇ, ಇಡೀ ಕೀಮೋ ಹಾಲಿಗೆ ಚಪ್ಪಡಿ ಬೇಕು."

"ಟ್ರಸ್ಟ್‌ನವರು ಒಪ್ಪಿದ್ರಾ ಮೇಡಂ?"

"ಇನ್ನೂ ಇಲ್ಲ. ನಾಳೆ ಒಪ್ಪಿಸ್ತೀನಿ. ಗುರುವಾರಕ್ಕೆ ಜನ ಬರ್ತಾರೆ, ನೀವು ಕಡಿಯೋಕೆ ಶುರು ಮಾಡಿ."